ಬೆಳೆಯುವ ಕೋಳಿ ಮರಿಗಳಿಗೆ ಯಾವ ಆಹಾರ: ಕೆಂಭಾವಿ ಭಾಗದ ಹಿತ್ತಿಲ ಕೋಳಿ ಸಾಕಣೆದಾರರಿಗೆ ಸಲಹೆ

ಯಾದಗಿರಿ ಜಿಲ್ಲೆ ಸುರಪುರ ತಾಲೂಕಿನ ಕೆಂಭಾವಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಹಿತ್ತಿಲ ಕೋಳಿ ಸಾಕಣೆ ಹೊಸದಲ್ಲ. ಜವಾರಿ ಹೇಂಟೆಯು ತಿಪ್ಪೆ ಕೆದರಿ, ಹುಳು ಹುಪ್ಪಟೆ ತೋರಿಸಿ, ತನ್ನ ಮರಿಗಳನ್ನು ತಾನೇ ಬೆಳೆಸುತ್ತಿದ್ದಾಗ ಮರಿಗಳಿಗೆ ಯಾವ ಆಹಾರ ಕೊಡಬೇಕೆಂಬ ಪ್ರಶ್ನೆಯೇ ಇರಲಿಲ್ಲ. ಈಗ ಪರಿಸ್ಥಿತಿ ಬೇರೆಯಾಗಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಮತ್ತು ಸ್ವರ್ಣಧಾರ, ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ ಮತ್ತು ಗ್ರಾಮಪ್ರಿಯ ತಳಿಗಳ ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತವೆ. ಅವುಗಳೊಂದಿಗೆ ತಾಯಿ ಕೋಳಿ ಬರುವುದಿಲ್ಲ. ತಾಯಿ ಕೋಳಿ ಮಾಡುತ್ತಿದ್ದ ಕೆಲಸವನ್ನೆಲ್ಲ ರೈತ ಮಹಿಳೆಯೇ ಮಾಡಬೇಕಾಗಿದ್ದು, ಅದರಲ್ಲಿ ಆಹಾರದ ಆಯ್ಕೆಯೇ ಅತ್ಯಂತ ಕಠಿಣವಾದುದು.

ಕೆಂಭಾವಿ ಸಮೀಪದ ಒಂದು ಗ್ರಾಮದಲ್ಲಿ ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ಸಾಕಿದ್ದ 30 ಮರಿಗಳು ಎರಡೂವರೆ ತಿಂಗಳವರೆಗೆ ಚೆನ್ನಾಗಿಯೇ ಇದ್ದು, ಬಳಿಕ ದಿನಕ್ಕೆ ಒಂದೆರಡರಂತೆ ಸಾಯತೊಡಗಿದವು. ಮಂಕಾಗಿ ಕೂರುವುದು, ಬಿಳಿಯಾಗಿ ತೆಳ್ಳಗೆ ಹಿಕ್ಕೆ ಹಾಕುವುದು, ಮರುದಿನ ಸಾಯುವುದು. ಕೊಕ್ಕರೆ ರೋಗವೆಂದೇ ಎಲ್ಲರೂ ಭಾವಿಸಿದ್ದರು. ಆದರೆ ಆ ಮರಿಗಳಿಗೆ ಲಸಿಕೆ ಹಾಕಿಸಲಾಗಿತ್ತು. ಪಶುವೈದ್ಯರು ಸತ್ತ ಕೋಳಿಯೊಂದನ್ನು ಕೊಯ್ದು ನೋಡಿದಾಗ ಹೃದಯ ಹಾಗೂ ಯಕೃತ್ತಿನ ಮೇಲೆ ಸುಣ್ಣದ ಹುಡಿ ಎರಚಿದಂತೆ ಬಿಳಿ ಪದರವಿತ್ತು, ಮೂತ್ರಪಿಂಡಗಳು ಊದಿಕೊಂಡಿದ್ದವು. ಏನು ತಿನ್ನಿಸುತ್ತಿದ್ದೀರಿ ತಾಯಿ ಎಂದು ಕೇಳಿದೆವು. "ಇವು ಮುಂದ ಮೊಟ್ಟಿ ಇಡೂ ಕೋಳಿ ಆಗ್ತಾವಲ್ರಿ ಸಾಹೇಬ್ರ, ಅದಕ್ಕ ಮೊಟ್ಟಿ ಕೋಳಿ ಫೀಡೇ ತಂದು ಹಾಕೀನ್ರಿ" ಎಂದರು ಆಕೆ. ಅವರ ತರ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಆದರೂ ಆ ಚೀಲದಿಂದಲೇ ಹಾನಿಯಾಗಿತ್ತು.

ಈ ಲೇಖನದ ಮುಖ್ಯ ಉದ್ದೇಶ ಇಂತಹ ನಷ್ಟವನ್ನು ತಪ್ಪಿಸುವುದು. ನಾನು ಬೇಸಾಯಶಾಸ್ತ್ರದ ವಿಜ್ಞಾನಿ, ಕೋಳಿ ವೈದ್ಯನಲ್ಲ. ಕೋಳಿಯ ಆರೋಗ್ಯದ ಕುರಿತು ಇಲ್ಲಿ ಹೇಳಿರುವುದು ಪಶುವೈದ್ಯ ಸಹೋದ್ಯೋಗಿಗಳಿಂದ ಕಲಿತದ್ದು. ಈ ಭಾಗದ ಬೆಳೆಗಳಿಂದ ದೊರೆಯುವ ಆಹಾರ ಪದಾರ್ಥಗಳ ಕುರಿತು ಹೇಳಿರುವುದು ನನ್ನ ಕ್ಷೇತ್ರದ್ದು.

ಚೀಲದ ಮೇಲಿನ ಹೆಸರುಗಳ ಅರ್ಥ

ಅಂಗಡಿಯಲ್ಲಿ ದೊರೆಯುವ ಕೋಳಿ ಆಹಾರದಲ್ಲಿ ಎರಡು ಬೇರೆ ಬೇರೆ ಸಾಲುಗಳಿವೆ. ಮೊದಲನೆಯದು ಮಾಂಸದ ಕೋಳಿಗೆ ಸಂಬಂಧಿಸಿದ್ದು: ಪ್ರೀ-ಸ್ಟಾರ್ಟರ್, ಸ್ಟಾರ್ಟರ್, ಫಿನಿಶರ್. ಎರಡನೆಯದು ಮೊಟ್ಟೆ ಕೋಳಿಗೆ ಸಂಬಂಧಿಸಿದ್ದು: ಚಿಕ್ ಅಂದರೆ ಮರಿ ಆಹಾರ, ಗ್ರೋವರ್ ಅಂದರೆ ಬೆಳವಣಿಗೆ ಆಹಾರ, ಲೇಯರ್ ಅಂದರೆ ಮೊಟ್ಟೆ ಇಡುವ ಕೋಳಿಯ ಆಹಾರ. ಹಿತ್ತಿಲಲ್ಲಿ ಸಾಕುವ ಸುಧಾರಿತ ತಳಿಗಳಿಗೆ ಎರಡನೆಯ ಸಾಲು ಸೂಕ್ತ. ಮೊದಲ ಎಂಟು ವಾರ ಮರಿ ಆಹಾರ, ಒಂಬತ್ತನೆಯ ವಾರದಿಂದ ಮೊಟ್ಟೆ ಇಡಲು ತೊಡಗುವವರೆಗೆ ಬೆಳವಣಿಗೆ ಆಹಾರ, ಅನಂತರವೇ ಲೇಯರ್ ಆಹಾರ.

ಭಾರತೀಯ ಮಾನಕ ಬ್ಯೂರೋದ ನಿರ್ದಿಷ್ಟತೆಯಂತೆ ಮರಿ ಆಹಾರದಲ್ಲಿ ಕನಿಷ್ಠ ಶೇ. 20, ಬೆಳವಣಿಗೆ ಆಹಾರದಲ್ಲಿ ಶೇ. 16, ಲೇಯರ್ ಆಹಾರದ ಮೊದಲ ಹಂತದಲ್ಲಿ ಶೇ. 18 ಸಸಾರಜನಕ ಇರಬೇಕು. ರೈತರು ಎಡವುವುದು ಇಲ್ಲಿಯೇ. ಬೆಳವಣಿಗೆ ಆಹಾರದ ಚೀಲದ ಮೇಲೆ 16, ಲೇಯರ್ ಚೀಲದ ಮೇಲೆ 18 ಎಂದು ಮುದ್ರಿತವಾಗಿರುವಾಗ 18 ಇರುವುದೇ ಒಳ್ಳೆಯದೆಂದು ತೋರುವುದು ಸಹಜ. ಅದರ ಕೆಳಗಿನ ಸಾಲನ್ನು ಯಾರೂ ಓದುವುದಿಲ್ಲ. ಆ ಸಾಲಿನಲ್ಲಿ ಕ್ಯಾಲ್ಸಿಯಂ ಪ್ರಮಾಣವಿರುತ್ತದೆ: ಬೆಳವಣಿಗೆ ಆಹಾರದಲ್ಲಿ ಶೇ. 1ರ ಆಸುಪಾಸು, ಲೇಯರ್ ಆಹಾರದಲ್ಲಿ ಶೇ. 3 ಅಥವಾ ಅದಕ್ಕಿಂತ ಹೆಚ್ಚು. ಮರಿಗಳ ವಿಷಯದಲ್ಲಿ ಸಸಾರಜನಕದ ಅಂಕಿಗಿಂತ ಈ ಅಂಕಿಯನ್ನು ಮೊದಲು ನೋಡಬೇಕು.

ಮೊಟ್ಟೆ ಇಡುವ ಕೋಳಿಗೆ ಇಷ್ಟೊಂದು ಕ್ಯಾಲ್ಸಿಯಂ ಏಕೆ ಬೇಕು? ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇದ್ದು, ಮೊಟ್ಟೆ ಇಟ್ಟಾಗಲೆಲ್ಲ ಅಷ್ಟು ಅವಳ ದೇಹದಿಂದ ಹೊರಹೋಗುತ್ತದೆ. ಆಹಾರದಿಂದ ಅದನ್ನು ತುಂಬಿಕೊಡಬೇಕು. ಹತ್ತು ವಾರದ ಮರಿಗೆ ಚಿಪ್ಪು ಕಟ್ಟುವ ಕೆಲಸವಿಲ್ಲ. ಒಳಹೋದ ಹೆಚ್ಚುವರಿ ಕ್ಯಾಲ್ಸಿಯಂ ಅನ್ನು ಮೂತ್ರಪಿಂಡಗಳೇ ಸೋಸಿ ಹೊರಹಾಕಬೇಕಾಗುತ್ತದೆ. ಎಳೆಯ ಮೂತ್ರಪಿಂಡ ಆ ಭಾರವನ್ನು ಕೆಲ ದಿನ ತಡೆದು, ಬಳಿಕ ಕೆಡುತ್ತದೆ. ರಕ್ತದಿಂದ ಹೊರಹೋಗಬೇಕಾದ ಯೂರಿಕ್ ಆಮ್ಲದ ಲವಣಗಳು ಹೃದಯ, ಯಕೃತ್ತು, ಕೀಲುಗಳ ಮೇಲೆ ಬಿಳಿಯಾಗಿ ಸಂಗ್ರಹವಾಗುತ್ತವೆ. ಇದಕ್ಕೆ ಗೌಟ್ ಎನ್ನುತ್ತಾರೆ. ಬೇಸಿಗೆಯಲ್ಲಿ ನೀರಿನ ಕೊರತೆಯೂ ಜೊತೆಗೂಡಿದರೆ ಹಾನಿ ಇನ್ನೂ ಬೇಗ ಆಗುತ್ತದೆ. ಕೆಂಭಾವಿ ಭಾಗದ ಏಪ್ರಿಲ್-ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ದಾಟುವುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಗೌಟ್ ಒಮ್ಮೆ ಉಲ್ಬಣಗೊಂಡ ಬಳಿಕ ಅದಕ್ಕೆ ಖಚಿತ ಚಿಕಿತ್ಸೆಯಿಲ್ಲ. ಆಹಾರವನ್ನು ತಕ್ಷಣ ಬದಲಿಸಿ, ತಂಪಾದ ಶುದ್ಧ ನೀರನ್ನು ಧಾರಾಳವಾಗಿ ಒದಗಿಸಿ ಉಳಿದ ಮರಿಗಳನ್ನು ಕಾಪಾಡಿಕೊಳ್ಳಬೇಕಷ್ಟೆ. ಬಿಳಿ ಹಿಕ್ಕೆಗೆ ಬೇರೆ ರೋಗಗಳೂ ಕಾರಣವಾಗಬಲ್ಲವಾದ್ದರಿಂದ ಸತ್ತ ಮರಿಯನ್ನು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷಿಸಿಕೊಳ್ಳುವುದು ಉತ್ತಮ.

ಮಾಂಸದ ಕೋಳಿಯ ಆಹಾರ ಕೊಡಬಹುದೇ ಎಂಬುದು ನಮ್ಮಲ್ಲಿ ಬರುವ ಇನ್ನೊಂದು ಪ್ರಶ್ನೆ. ಹಳ್ಳಿಯ ಅಂಗಡಿಯಲ್ಲಿ ಮರಿ ಆಹಾರ ಸಿಗದೆ ಬ್ರಾಯ್ಲರ್ ಸ್ಟಾರ್ಟರ್ ಮಾತ್ರ ಸಿಗುವುದುಂಟು. ಮೊದಲ ಮೂರು-ನಾಲ್ಕು ವಾರ ಅದನ್ನು ಕೊಟ್ಟರೆ ಹಾನಿಯಿಲ್ಲ. ಖರ್ಚು ಸ್ವಲ್ಪ ಹೆಚ್ಚಾಗುತ್ತದೆ, ಮರಿಗಳು ಚುರುಕಾಗಿ ಬೆಳೆಯುತ್ತವೆ. ಮೊಟ್ಟೆಗಾಗಿ ಸಾಕುವ ಹೇಂಟೆಗಳಿಗೆ ಅದನ್ನೇ ಮೂರು-ನಾಲ್ಕು ತಿಂಗಳು ಮುಂದುವರಿಸುವುದು ಸರಿಯಲ್ಲ. ಎಲುಬು ಬಲಿಯುವ ಮೊದಲೇ ಮೈ ಭಾರವಾಗಿ ಕಾಲುಗಳು ಸೋಲುತ್ತವೆ, ಹೊಟ್ಟೆಯಲ್ಲಿ ಕೊಬ್ಬು ಕಟ್ಟುತ್ತದೆ, ಮುಂದೆ ಮೊಟ್ಟೆಯ ಸಂಖ್ಯೆ ಕಡಿಮೆಯಾಗುತ್ತದೆ. ಮಾಂಸಕ್ಕೆಂದೇ ಮಾರುವ ಹುಂಜಗಳಿಗೆ ಈ ಆತಂಕವಿಲ್ಲ.

ದನಕರುಗಳಿಗೆಂದು ತಂದ ಸಿದ್ಧ ಪಶು ಆಹಾರವನ್ನು ಮಾತ್ರ ಯಾವ ವಯಸ್ಸಿನ ಕೋಳಿಗೂ ಹಾಕಬಾರದು. ಅದರಲ್ಲಿ ಯೂರಿಯಾ ಸೇರಿರುವ ಸಾಧ್ಯತೆಯಿದೆ. ಮೆಲುಕು ಹಾಕುವ ಪ್ರಾಣಿ ಅದನ್ನು ಸಸಾರಜನಕವಾಗಿ ಬಳಸಿಕೊಳ್ಳಬಲ್ಲದು, ಕೋಳಿ ಬಳಸಿಕೊಳ್ಳಲಾರದು.

ಮೊದಲ ಆರು ವಾರಗಳಲ್ಲಿ ಉಳಿತಾಯ ಬೇಡ

ಆಹಾರದ ದರ ಕೇಳಿ ಹಿಂಜರಿಯುವ ರೈತರಿಗೆ ಒಂದು ಸರಳ ಲೆಕ್ಕವನ್ನು ಮುಂದಿಡಬಯಸುತ್ತೇನೆ. ಗಿರಿರಾಜ ಅಥವಾ ವನರಾಜದಂತಹ ಮರಿ ಮೊದಲ ವಾರದಲ್ಲಿ ದಿನಕ್ಕೆ ಸುಮಾರು 10 ಗ್ರಾಂ, ಎರಡನೆಯ ವಾರ 20 ಗ್ರಾಂ, ನಾಲ್ಕನೆಯ ವಾರ 45 ಗ್ರಾಂ, ಆರನೆಯ ವಾರ 70 ಗ್ರಾಂ ಆಹಾರ ತಿನ್ನುತ್ತದೆ. ಆರು ವಾರಗಳನ್ನು ಕೂಡಿಸಿದರೆ ಒಂದು ಮರಿಗೆ ಒಂದೂಮುಕ್ಕಾಲು ಕಿ.ಗ್ರಾಂ ಮೀರುವುದಿಲ್ಲ. ಚೆಲ್ಲಿ ಹಾಳಾಗುವುದನ್ನು ಸೇರಿಸಿಕೊಂಡರೂ 25 ಮರಿಗಳಿಗೆ 50 ಕಿ.ಗ್ರಾಂನ ಒಂದು ಚೀಲ ಸಾಕು. ಮೊಟ್ಟೆಗೆಂದೇ ಇರುವ ಹಗುರ ತಳಿಯಾದ ಗ್ರಾಮಪ್ರಿಯಕ್ಕೆ ಇದಕ್ಕಿಂತಲೂ ಕಡಿಮೆ. ಆ ಒಂದು ಚೀಲದ ಖರ್ಚನ್ನು ಉಳಿಸಲೆಂದು ಸಜ್ಜೆ ನುಚ್ಚನ್ನಷ್ಟೇ ಹಾಕಿ ಬೆಳೆಸಿದರೆ ಏನಾಗುತ್ತದೆ? ಸಜ್ಜೆಯಲ್ಲಿ ಇರುವ ಸಸಾರಜನಕ ಶೇ. 11ರ ಸುಮಾರು. ಮರಿಗೆ ಬೇಕಾದದ್ದು ಶೇ. 20. ಹೊಟ್ಟೆ ತುಂಬುತ್ತದೆ, ಆದರೆ ಬೆಳವಣಿಗೆಗೆ ಬೇಕಾದುದರಲ್ಲಿ ಅರ್ಧ ಮಾತ್ರ ಸಿಗುತ್ತದೆ. ರೆಕ್ಕೆ ಪುಕ್ಕ ಬರುವುದು ತಡವಾಗುತ್ತದೆ, ಒಂದನ್ನೊಂದು ಕುಕ್ಕಿ ರಕ್ತ ಬರಿಸಿಕೊಳ್ಳುತ್ತವೆ, ಲಸಿಕೆ ಹಾಕಿದರೂ ಅದಕ್ಕೆ ತಕ್ಕ ರೋಗನಿರೋಧಕ ಶಕ್ತಿ ಮೂಡುವುದಿಲ್ಲ. ಈ ವಯಸ್ಸಿನಲ್ಲಿ ಕುಗ್ಗಿದ ಎಲುಬಿನ ಚೌಕಟ್ಟು ಮುಂದೆ ಎಷ್ಟು ತಿನ್ನಿಸಿದರೂ ಪೂರ್ತಿಯಾಗಿ ಸರಿಹೋಗದು. ಉಳಿತಾಯ ಮಾಡುವ ಅವಕಾಶ ಎಂಟನೆಯ ವಾರದ ನಂತರ ಬೇಕಾದಷ್ಟಿದೆ. ಅದನ್ನು ಮುಂದೆ ವಿವರಿಸಲಾಗಿದೆ.

ಮರಿಗಳು ಬಂದ ದಿನ ಮೊದಲು ನೀರು, ಒಂದೆರಡು ತಾಸಿನ ಬಳಿಕ ಆಹಾರ. ಮೊದಲ ಎರಡು-ಮೂರು ದಿನ ಕಾಗದದ ಮೇಲೆ ನುಚ್ಚು ಮೆಕ್ಕೆಜೋಳ ಹಾಗೂ ಮರಿ ಆಹಾರವನ್ನು ತೆಳುವಾಗಿ ಹರಡಿದರೆ ಕುಕ್ಕುವುದನ್ನು ಕಲಿಯುತ್ತವೆ. ಆಹಾರದ ತಟ್ಟೆಯನ್ನು ಮೂರನೆಯ ಒಂದು ಭಾಗದಷ್ಟು ಮಾತ್ರ ತುಂಬಬೇಕು. ಪೂರ್ತಿ ತುಂಬಿದರೆ ಕಾಲಿನಿಂದ ಕೆದರಿ ಕಸಕ್ಕೆ ಬೀಳಿಸುತ್ತವೆ. ತಟ್ಟೆಯ ಅಂಚು ಮರಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ವಾರಕ್ಕೊಮ್ಮೆ ಇಟ್ಟಿಗೆ ಏರಿಸುತ್ತ ಹೋಗುವುದು ಸುಲಭ ಉಪಾಯ. ಬೇಸಿಗೆಯ ಮಧ್ಯಾಹ್ನ ಮರಿಗಳು ತಿನ್ನುವುದಿಲ್ಲ. ಆದ್ದರಿಂದ ಬೆಳಗಿನ ಜಾವ ಹಾಗೂ ಸಂಜೆ ತಂಪಾದ ಮೇಲೆ ತಟ್ಟೆಗಳು ತುಂಬಿರುವಂತೆ ನೋಡಿಕೊಳ್ಳಬೇಕು. ನೀರು ಸಾಧಾರಣ ದಿನಗಳಲ್ಲಿ ಆಹಾರದ ತೂಕದ ಎರಡು ಪಟ್ಟು, ಬೇಸಿಗೆಯಲ್ಲಿ ಮೂರು-ನಾಲ್ಕು ಪಟ್ಟು ಬೇಕಾಗುತ್ತದೆ.

ನಮ್ಮ ಹೊಲಗಳಿಂದ ಏನು ದೊರೆಯುತ್ತದೆ

ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ಹರಿದ ಮೇಲೆ ಸುರಪುರ, ಶಹಾಪುರ ಭಾಗದ ಬೆಳೆ ಪದ್ಧತಿ ಬದಲಾಯಿತು. ಕಾಲುವೆಯ ಕೆಳಗೆ ಭತ್ತ, ಹತ್ತಿ. ಖುಷ್ಕಿಯಲ್ಲಿ ಸಜ್ಜೆ, ತೊಗರಿ, ಶೇಂಗಾ, ಹಿಂಗಾರಿ ಬಿಳಿಜೋಳ. ಇವೆಲ್ಲವುಗಳಿಂದ ಕೋಳಿಗೆ ಏನಾದರೊಂದು ದೊರೆಯುತ್ತದೆ. ಆದರೆ ಎಲ್ಲವೂ ಎಲ್ಲ ವಯಸ್ಸಿಗೆ ಸಲ್ಲುವುದಿಲ್ಲ.

ಸಜ್ಜೆಯನ್ನು ನಾನು ಮೊದಲ ಸ್ಥಾನದಲ್ಲಿಡುತ್ತೇನೆ. ಕೋಳಿ ಆಹಾರವೆಂದರೆ ಮೆಕ್ಕೆಜೋಳವೇ ಆಗಬೇಕೆಂಬ ಭಾವನೆ ಬಲವಾಗಿ ಬೇರೂರಿದೆ. ಶಕ್ತಿಯ ಲೆಕ್ಕದಲ್ಲಿ ಮೆಕ್ಕೆಜೋಳ ಸ್ವಲ್ಪ ಮುಂದಿರುವುದು ನಿಜ. ಸಸಾರಜನಕದಲ್ಲಿ ಸಜ್ಜೆಯೇ ಮುಂದು. ಮೆಕ್ಕೆಜೋಳದ ಅರ್ಧ ಭಾಗದ ಬದಲಿಗೆ ಸಜ್ಜೆಯನ್ನು ನಿಶ್ಚಿಂತೆಯಿಂದ ಬಳಸಬಹುದು. ಮಳೆಗೆ ಸಿಕ್ಕಿ ಅರ್ಗಟ್ ರೋಗ ತಗುಲಿದ ತೆನೆಗಳಲ್ಲಿ ಕಾಳಿನ ಜಾಗದಲ್ಲಿ ಕಪ್ಪು ಗಂಟುಗಳಿರುತ್ತವೆ. ಅಂತಹ ಸಜ್ಜೆ ವಿಷಕಾರಿ. ಶೇ. 10ರ ಉಪ್ಪು ನೀರಿನಲ್ಲಿ ಹಾಕಿದರೆ ಆ ಗಂಟುಗಳು ತೇಲುತ್ತವೆ. ಅವನ್ನು ತೆಗೆದು, ಕಾಳನ್ನು ಶುದ್ಧ ನೀರಿನಲ್ಲಿ ಎರಡು-ಮೂರು ಸಲ ತೊಳೆದು ಒಣಗಿಸಿ ಬಳಸಬೇಕು. ಬಿಳಿಜೋಳವೂ ಒಳ್ಳೆಯದೇ. ಕೆಂಪು ಅಥವಾ ಕಂದು ಬಣ್ಣದ ಜೋಳದಲ್ಲಿ ಟ್ಯಾನಿನ್ ಎಂಬ ಒಗರು ಅಂಶವಿದ್ದು ಅದು ಸಸಾರಜನಕ ಜೀರ್ಣವಾಗುವುದನ್ನು ತಡೆಯುವುದರಿಂದ ಮರಿಗಳಿಗೆ ಸೂಕ್ತವಲ್ಲ. ಬೂಷ್ಟು ಹಿಡಿದು ಕಪ್ಪಾದ ಕಾಳು ಯಾವುದಿದ್ದರೂ ಬೇಡ.

ಅಕ್ಕಿ ಗಿರಣಿಗಳಿಂದ ನುಚ್ಚಕ್ಕಿ ಮತ್ತು ತೌಡು ಸಿಗುತ್ತವೆ. ನುಚ್ಚಕ್ಕಿ ಮರಿಗಳಿಗೂ ಚೆನ್ನ, ಆದರೆ ಅದು ಶಕ್ತಿ ಮಾತ್ರ ಕೊಡುವ ಪದಾರ್ಥ. ತೌಡಿನಲ್ಲಿ ಎರಡು ಬಗೆ. ಗಿರಣಿಯಿಂದ ನೇರವಾಗಿ ಬಂದ ಎಣ್ಣೆಯುಕ್ತ ನಯ ತೌಡಿನಲ್ಲಿ ಶೇ. 12ರಿಂದ 14 ಎಣ್ಣೆಯಿದ್ದು ಪೌಷ್ಟಿಕವಾಗಿರುತ್ತದೆ. ನಮ್ಮ ಸೆಕೆಗೆ ಕೆಲವೇ ದಿನಗಳಲ್ಲಿ ಕಮಟು ವಾಸನೆ ಬಂದು ಕೆಡುತ್ತದೆ. ವಾರಕ್ಕೆ ಬೇಕಾದಷ್ಟನ್ನೇ ತರಬೇಕು. ಎಣ್ಣೆ ತೆಗೆದ ತೌಡು ಬಹುಕಾಲ ಕೆಡುವುದಿಲ್ಲವಾದರೂ ನಾರಿನಂಶ ಹೆಚ್ಚು. ಅದು ಬೆಳವಣಿಗೆ ಆಹಾರಕ್ಕೆ ಹೊಂದುತ್ತದೆ, ಮರಿ ಆಹಾರಕ್ಕಲ್ಲ. ತೊಗರಿ ಬೇಳೆ ಮಾಡುವಾಗ ಸಿಗುವ ಚುನ್ನಿಯ ಮಾತೂ ಹೀಗೆಯೇ.

ಇನ್ನು ಹಿಂಡಿಗಳ ವಿಚಾರ. ಹತ್ತಿ ಬೆಳೆಯುವ ಊರುಗಳಲ್ಲಿ ಹತ್ತಿ ಬೀಜದ ಹಿಂಡಿ ಎಲ್ಲರ ಮನೆಯ ದನದ ಕೊಟ್ಟಿಗೆಯಲ್ಲಿ ಇರುತ್ತದೆ. ಹಲವು ವರ್ಷಗಳ ಹಿಂದೆ ತರಬೇತಿಯೊಂದರಲ್ಲಿ ರೈತರೊಬ್ಬರು ಇದನ್ನು ಕೋಳಿಗೆ ಹಾಕಬಹುದೇ ಎಂದು ಕೇಳಿದಾಗ, ಸ್ಥಳೀಯವಾಗಿ ಸಿಗುವ ಅಗ್ಗದ ಸಸಾರಜನಕವೆಂಬ ಉತ್ಸಾಹದಲ್ಲಿ ನಾನು ಹಾಕಬಹುದೆಂದು ಹೇಳಿಬಿಟ್ಟಿದ್ದೆ. ಪಕ್ಕದಲ್ಲಿದ್ದ ಪಶುವೈದ್ಯ ಸಹೋದ್ಯೋಗಿ ಎಲ್ಲರೆದುರೇ ನನ್ನನ್ನು ತಿದ್ದಿದರು. ಹತ್ತಿ ಬೀಜದಲ್ಲಿ ಗಾಸಿಪೋಲ್ ಎಂಬ ವಿಷಾಂಶವಿದೆ. ಬೆಳೆದ ದನದ ಹೊಟ್ಟೆಯಲ್ಲಿ ಅದು ಬಹುಮಟ್ಟಿಗೆ ನಿಷ್ಕ್ರಿಯವಾಗುತ್ತದೆ. ಕೋಳಿ ಮರಿಯಲ್ಲಿ ಹಸಿವು ಕುಗ್ಗಿ, ಬೆಳವಣಿಗೆ ನಿಂತು, ಕೆಲವೊಮ್ಮೆ ಸಾವು ಸಂಭವಿಸುತ್ತದೆ. ಮೊಟ್ಟೆ ಇಡುವ ಕೋಳಿಗೆ ಹಾಕಿದರೆ ದಾಸ್ತಾನಿಟ್ಟ ಮೊಟ್ಟೆಯ ಹಳದಿ ಭಾಗ ಹಸಿರು ಮಿಶ್ರಿತ ಕಂದಾಗುತ್ತದೆ, ಬಿಳಿ ಭಾಗ ನಸುಗೆಂಪಾಗುತ್ತದೆ. ಅಂತಹ ಮೊಟ್ಟೆಯನ್ನು ಯಾರೂ ಕೊಳ್ಳುವುದಿಲ್ಲ. ಜೊತೆಗೆ ಸಿಪ್ಪೆ ತೆಗೆಯದ ಹಿಂಡಿಯಲ್ಲಿ ನಾರಿನಂಶ ಶೇ. 20ಕ್ಕೂ ಹೆಚ್ಚು. ಹತ್ತಿ ಹಿಂಡಿ ದನಕ್ಕಿರಲಿ.

ಶೇಂಗಾ ಹಿಂಡಿಯಲ್ಲಿ ಶೇ. 40ರಷ್ಟು ಸಸಾರಜನಕವಿದೆ, ಕೋಳಿಗೆ ರುಚಿಯೂ ಹೌದು. ಆದರೆ ತೇವ ತಗುಲಿದ ಶೇಂಗಾದಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಬಿಸಿ ಮಾಡಿದರೂ ಪೂರ್ತಿ ನಾಶವಾಗುವುದಿಲ್ಲ, ಮರಿಗಳ ಯಕೃತ್ತನ್ನು ಕೆಡಿಸುತ್ತದೆ. ಮಳೆಗಾಲದಲ್ಲಿ ಎಂಟು ವಾರದೊಳಗಿನ ಮರಿಗಳಿಗೆ ಶೇಂಗಾ ಹಿಂಡಿಯನ್ನು ಪೂರ್ತಿಯಾಗಿ ಬಿಡುವುದು ನನ್ನ ಸಲಹೆ. ಆದ್ದರಿಂದ ಮರಿ ಆಹಾರಕ್ಕೆ ಸೋಯಾ ಅವರೆ ಹಿಂಡಿಯೇ ಆಧಾರ. ಅದು ಇಲ್ಲಿ ಬೆಳೆಯುವುದಲ್ಲ, ಹಣ ಕೊಟ್ಟು ತರಬೇಕು; ಅದಕ್ಕೆ ಪರ್ಯಾಯ ಹುಡುಕಿ ಸೋತವರಲ್ಲಿ ನಾನೂ ಒಬ್ಬ. ಹಸಿ ಸೋಯಾ ಕಾಳನ್ನು ಬೀಸಿ ಹಾಕುವುದು ತಪ್ಪು. ಹುರಿಯದ ಅಥವಾ ಬೇಯಿಸದ ಕಾಳಿನಲ್ಲಿ ಜೀರ್ಣಕ್ರಿಯೆಗೆ ಅಡ್ಡಿಯಾಗುವ ಅಂಶವಿದೆ.

ಅಜೋಲಾ ಬಗ್ಗೆಯೂ ಒಂದು ಮಾತು. ಅಜೋಲಾದಲ್ಲಿ ಶೇ. 20ಕ್ಕೂ ಹೆಚ್ಚು ಸಸಾರಜನಕವಿದೆಯೆಂದು ನಾವೇ, ಅಂದರೆ ವಿಜ್ಞಾನಿಗಳು ಮತ್ತು ವಿಸ್ತರಣಾ ಕಾರ್ಯಕರ್ತರು, ಬಹಳ ಪ್ರಚಾರ ಮಾಡಿದ್ದೇವೆ. ಅದು ಒಣಗಿದ ಅಜೋಲಾದ ಲೆಕ್ಕ. ಹಸಿ ಅಜೋಲಾದಲ್ಲಿ ಶೇ. 90ಕ್ಕಿಂತ ಹೆಚ್ಚು ನೀರೇ ಇರುತ್ತದೆ. ಒಂದು ಕಿ.ಗ್ರಾಂ ಹಸಿ ಅಜೋಲಾದಿಂದ ಸಿಗುವ ಸಸಾರಜನಕ 12ರಿಂದ 15 ಗ್ರಾಂ ಮಾತ್ರ. ಬೆಳೆದ ಕೋಳಿಗೆ ಹಸಿರು ಸೊಪ್ಪಿನಂತೆ ಕೊಡಲಿ, ಒಳ್ಳೆಯದೇ. ಮರಿ ಆಹಾರದ ಬದಲಿಗೆ ಅದನ್ನು ನಂಬಬಾರದು.

ಹೊಲದಿಂದ ಬರುವ ಇನ್ನೆರಡು ಅಪಾಯಗಳನ್ನು ಬೇಸಾಯಶಾಸ್ತ್ರಜ್ಞನಾಗಿ ಒತ್ತಿ ಹೇಳಬೇಕಿದೆ. ಬಿತ್ತಿ ಉಳಿದ ಬೀಜ ಗುಲಾಬಿ, ನೀಲಿ ಅಥವಾ ಹಸಿರು ಬಣ್ಣದ್ದಾಗಿದ್ದರೆ ಅದಕ್ಕೆ ಔಷಧಿ ಲೇಪಿಸಲಾಗಿದೆ ಎಂದರ್ಥ. ತೊಳೆದರೂ ಅದು ಕೋಳಿಗೆ ಯೋಗ್ಯವಾಗುವುದಿಲ್ಲ, ಮಣ್ಣಿನಲ್ಲಿ ಹೂಳಬೇಕು. ಭತ್ತದ ಗದ್ದೆಗೆ ಹರಳು ರೂಪದ ಕೀಟನಾಶಕ ಹಾಕಿದ ದಿನಗಳಲ್ಲಿ ಕೋಳಿಗಳನ್ನು ಅತ್ತ ಬಿಡಬಾರದು. ಕೋಳಿಗೆ ಹಲ್ಲಿಲ್ಲ, ಕಾಳು ಅರೆಯಲು ಸಣ್ಣ ಹರಳುಗಳನ್ನು ಹುಡುಕಿ ನುಂಗುವುದು ಅದರ ಸ್ವಭಾವ. ಔಷಧಿಯ ಹರಳನ್ನೂ ಹಾಗೆಯೇ ನುಂಗುತ್ತದೆ.

ಮನೆಯಲ್ಲಿಯೇ ಮಿಶ್ರಣ ಮಾಡುವವರಿಗೆ

ಹತ್ತಿಪ್ಪತ್ತು ಮರಿ ಸಾಕುವವರು ಮರಿ ಆಹಾರವನ್ನು ಸಿದ್ಧವಾಗಿಯೇ ಕೊಳ್ಳಲಿ. ಲವಣ, ಜೀವಸತ್ವಗಳನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಬೆರೆಸುವುದು ಅಷ್ಟು ಸಣ್ಣ ಪ್ರಮಾಣದಲ್ಲಿ ಕಷ್ಟ. ಸಂಘದವರೆಲ್ಲ ಸೇರಿ 100 ಮರಿಗಳಿಗಿಂತ ಹೆಚ್ಚು ಸಾಕುವಲ್ಲಿ ಮಾತ್ರ ಮಿಶ್ರಣ ಲಾಭದಾಯಕ.

ಎಂಟು ವಾರದವರೆಗಿನ ಮರಿಗಳಿಗೆ 100 ಕಿ.ಗ್ರಾಂ ಮಿಶ್ರಣ ತಯಾರಿಸಲು ಮೆಕ್ಕೆಜೋಳ 35 ಕಿ.ಗ್ರಾಂ, ಸಜ್ಜೆ 24, ಸೋಯಾ ಹಿಂಡಿ 29, ತಾಜಾ ನಯ ತೌಡು 8, ಡೈಕ್ಯಾಲ್ಸಿಯಂ ಫಾಸ್ಫೇಟ್ 2, ಸುಣ್ಣಕಲ್ಲಿನ ಪುಡಿ 1 ಕಿ.ಗ್ರಾಂ ಹಾಗೂ ಉಳಿದ ಒಂದು ಕಿ.ಗ್ರಾಂನಲ್ಲಿ ಉಪ್ಪು 300 ಗ್ರಾಂ, ಮಿಥಿಯೋನಿನ್ 150 ಗ್ರಾಂ, ಲೈಸಿನ್ 50 ಗ್ರಾಂ, ಜೀವಸತ್ವ ಮತ್ತು ಸೂಕ್ಷ್ಮ ಖನಿಜಗಳ ಮಿಶ್ರಣ 500 ಗ್ರಾಂ ಬೇಕು. ಇದರಲ್ಲಿ ಶೇ. 20ರ ಸಮೀಪ ಸಸಾರಜನಕ, ಕಿ.ಗ್ರಾಂಗೆ ಸುಮಾರು 2,775 ಕಿಲೋ ಕ್ಯಾಲೊರಿ ಶಕ್ತಿ ದೊರೆಯುತ್ತದೆ. ರಕ್ತಭೇದಿ ತಡೆಯುವ ಔಷಧಿಯನ್ನು ಇದಕ್ಕೆ ಸೇರಿಸುವ ಬಗ್ಗೆ ಪಶುವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಒಂಬತ್ತನೆಯ ವಾರದಿಂದ ನೀಡುವ ಬೆಳವಣಿಗೆ ಆಹಾರಕ್ಕೆ ಸಜ್ಜೆ 25 ಕಿ.ಗ್ರಾಂ, ಮೆಕ್ಕೆಜೋಳ 20, ನುಚ್ಚಕ್ಕಿ 10, ಎಣ್ಣೆ ತೆಗೆದ ತೌಡು 19, ಸೋಯಾ ಹಿಂಡಿ 15, ತೊಗರಿ ಚುನ್ನಿ 7, ಸುಣ್ಣಕಲ್ಲಿನ ಪುಡಿ 2, ಡೈಕ್ಯಾಲ್ಸಿಯಂ ಫಾಸ್ಫೇಟ್ 1 ಕಿ.ಗ್ರಾಂ, ಉಪ್ಪು 300 ಗ್ರಾಂ, ಮಿಥಿಯೋನಿನ್ ಮತ್ತು ಲೈಸಿನ್ ತಲಾ 100 ಗ್ರಾಂ, ಜೀವಸತ್ವ-ಖನಿಜ ಮಿಶ್ರಣ 500 ಗ್ರಾಂ. ಸಸಾರಜನಕ ಶೇ. 16ರಷ್ಟು ಬರುತ್ತದೆ. ಸೋಯಾ ಹಿಂಡಿ ಅರ್ಧದಷ್ಟಾಗಿರುವುದರಿಂದ ಖರ್ಚು ಇಳಿಯುವುದು ಇಲ್ಲಿಯೇ. ಒಣ ಮೀನು ಸೇರಿಸುವವರು ಅದರಲ್ಲಿ ಉಪ್ಪು ಹೇರಳವಾಗಿರುವುದನ್ನು ಮರೆಯದೆ ಮೇಲಿನ ಉಪ್ಪನ್ನು ಬಿಡಬೇಕು. ಉಪ್ಪು ಮೀರಿದರೆ ಮರಿಗಳು ನೀರು ಕುಡಿದು ಕುಡಿದು ಭೇದಿಯಾಗಿ ಸಾಯುತ್ತವೆ. ಜೀವಸತ್ವ-ಖನಿಜ ಮಿಶ್ರಣದ ಪ್ರಮಾಣ ತಯಾರಕರಿಗನುಗುಣವಾಗಿ ಬದಲಾಗುವುದರಿಂದ ಪೊಟ್ಟಣದ ಮೇಲಿನ ಸೂಚನೆಯನ್ನು ಅನುಸರಿಸಬೇಕು. ಅದನ್ನೂ ಉಪ್ಪು, ಅಮೈನೋ ಆಮ್ಲಗಳನ್ನೂ ಮೊದಲು ಐದು ಕಿ.ಗ್ರಾಂ ಹಿಟ್ಟಿನಲ್ಲಿ ಕಲಸಿ, ಆ ಹಿಟ್ಟನ್ನು ರಾಶಿಯಲ್ಲಿ ಹರಡಿ ಸಲಿಕೆಯಿಂದ ಮೂರು-ನಾಲ್ಕು ಸಲ ಮಗುಚಬೇಕು.

ಕೋಳಿಗಳನ್ನು ಹಗಲೆಲ್ಲ ಹೊರಗೆ ಬಿಟ್ಟು ಮೇಯಿಸುವವರಿಗೆ ಎಂಟು ವಾರದ ಬಳಿಕ ಪೂರ್ಣ ಆಹಾರದ ಅಗತ್ಯವಿಲ್ಲ. ಗೆದ್ದಲು, ಹುಳು, ಕಣದಲ್ಲಿ ಉದುರಿದ ಕಾಳು, ಸೊಪ್ಪು ಇವೆಲ್ಲ ಸೇರಿ ಅರ್ಧದಷ್ಟು ಹೊಟ್ಟೆ ತುಂಬುತ್ತದೆ. ಸಂಜೆ ಗೂಡಿಗೆ ಬರುವ ವೇಳೆಗೆ ತಲೆಗೆ 30ರಿಂದ 50 ಗ್ರಾಂ ಬೆಳವಣಿಗೆ ಆಹಾರ ಹಾಕಿದರೆ ಸಾಕು. ಸುಗ್ಗಿಯ ದಿನಗಳಲ್ಲಿ ಕಡಿಮೆ, ಬೇಸಿಗೆಯಲ್ಲಿ ಹೊಲ ಬರಿದಾದಾಗ ಹೆಚ್ಚು. ಸಾಕಾಗುತ್ತಿದೆಯೇ ಎಂಬುದನ್ನು ಎದೆಯೆಲುಬು ಮುಟ್ಟಿ ತಿಳಿಯಬಹುದು. ಎಲುಬು ಕುಡುಗೋಲಿನ ಅಂಚಿನಂತೆ ಹರಿತವಾಗಿ ಕೈಗೆ ತಾಗಿದರೆ ಆಹಾರ ಕಡಿಮೆಯಾಗಿದೆ. ತಕ್ಕಡಿ ಇದ್ದರೆ ಇನ್ನೂ ಉತ್ತಮ: ಆರನೆಯ ವಾರಕ್ಕೆ ವನರಾಜ 700ರಿಂದ 850 ಗ್ರಾಂ, ಗ್ರಾಮಪ್ರಿಯ 400ರಿಂದ 500 ಗ್ರಾಂ ತೂಗಬೇಕು.

ಒಂದೇ ಅಂಗಳದಲ್ಲಿ ಎಲ್ಲ ವಯಸ್ಸಿನ ಕೋಳಿಗಳಿದ್ದರೆ

ಇದು ವಾಸ್ತವದ ತೊಡಕು. ವಯಸ್ಸಿಗೊಂದು ಆಹಾರವೆಂದು ಹೇಳುವುದು ಸುಲಭ. ಒಂದೇ ಅಂಗಳದಲ್ಲಿ ಮೊಟ್ಟೆ ಇಡುವ ಹೇಂಟೆ, ಮೂರು ತಿಂಗಳ ಪಟ್ಟೆ, ಹದಿನೈದು ದಿನದ ಮರಿ ಒಟ್ಟಿಗೆ ಓಡಾಡುತ್ತಿರುವಾಗ ಯಾರಿಗೆ ಯಾವ ತಟ್ಟೆ? ಇಂತಹ ಮನೆಗಳಲ್ಲಿ ಲೇಯರ್ ಆಹಾರವನ್ನು ತರಲೇಬಾರದು. ಎಲ್ಲ ದೊಡ್ಡ ಕೋಳಿಗಳಿಗೂ ಬೆಳವಣಿಗೆ ಆಹಾರವನ್ನೇ ಹಾಕಿ, ಚಿಪ್ಪಿನ ಪುಡಿ ಅಥವಾ ಜೋಳದ ಕಾಳಿನ ಗಾತ್ರದ ಸುಣ್ಣಕಲ್ಲಿನ ಹರಳನ್ನು ಬೇರೆ ಬಟ್ಟಲಿನಲ್ಲಿ ಇಡಬೇಕು. ಮೊಟ್ಟೆ ಇಡುವ ಹೇಂಟೆ ತನಗೆ ಬೇಕಾದಷ್ಟನ್ನು ತಾನೇ ಹೋಗಿ ಕುಕ್ಕುತ್ತದೆ. ಪಟ್ಟೆಗಳು ಅದನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಆದರೆ ಬೆಳವಣಿಗೆ ಆಹಾರದ ಶೇ. 16 ಸಸಾರಜನಕ ಎಳೆ ಮರಿಗಳಿಗೆ ಸಾಲದು. ಅವುಗಳ ಮರಿ ಆಹಾರವನ್ನು ದೊಡ್ಡ ಬಿದಿರು ಬುಟ್ಟಿಯ ಅಡಿಯಲ್ಲಿಟ್ಟು, ಬುಟ್ಟಿಯನ್ನು ಮೂರು ಕಲ್ಲುಗಳ ಮೇಲೆ ಮರಿ ಮಾತ್ರ ನುಸುಳುವಷ್ಟು ಎತ್ತರಿಸಿದರೆ ದೊಡ್ಡವು ಒಳಗೆ ಬರಲಾರವು.

ಕೊಳ್ಳುವಾಗ, ಇಡುವಾಗ

ಚೀಲದ ಮೇಲೆ ಆಹಾರದ ಹೆಸರು, ತಯಾರಿಕೆಯ ದಿನಾಂಕ, ಸಸಾರಜನಕ, ನಾರು ಹಾಗೂ ಕ್ಯಾಲ್ಸಿಯಂ ಪ್ರಮಾಣ ಓದಿ ಕೊಳ್ಳಬೇಕು. ಓದಲು ಬಾರದ ತಾಯಂದಿರಿಗೆ ಶಾಲೆಗೆ ಹೋಗುವ ಮಕ್ಕಳೇ ಈ ಸಾಲುಗಳನ್ನು ಓದಿ ಹೇಳಬಲ್ಲರು. ಪಶುಸಖಿಯರೂ ವಿಸ್ತರಣಾ ಕಾರ್ಯಕರ್ತರೂ ಅಂಗಡಿಯವರೊಂದಿಗೆ ಮಾತನಾಡಿ ಮರಿ ಆಹಾರ ಮತ್ತು ಬೆಳವಣಿಗೆ ಆಹಾರವನ್ನು ತರಿಸುವ ಏರ್ಪಾಡು ಮಾಡಬೇಕು. ಬಿಡಿಯಾಗಿ ಕೊಳ್ಳುವವರು ಯಾವ ಚೀಲದಿಂದ ತೂಗುತ್ತಿದ್ದಾರೆಂಬುದನ್ನು ಕಣ್ಣಾರೆ ನೋಡಲಿ. ಲೇಯರ್ ಆಹಾರವನ್ನು ಅಂಗೈ ಮೇಲೆ ಹರಡಿದರೆ ಬಿಳಿ ಸುಣ್ಣಕಲ್ಲಿನ ಹರಳುಗಳು ಸಾಮಾನ್ಯವಾಗಿ ಎದ್ದು ಕಾಣುತ್ತವೆ. ಚೀಲವನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಡದೆ ಹಲಗೆಯ ಮೇಲಿಡಬೇಕು. ಗಂಟುಗಟ್ಟಿದ, ಬೂಷ್ಟು ವಾಸನೆಯ ಆಹಾರವನ್ನು ಬಿಸಿಲಿಗೆ ಒಣಗಿಸಿ ಹಾಕುವ ಪದ್ಧತಿ ತಪ್ಪು. ವಾಸನೆ ಹೋದರೂ ವಿಷ ಉಳಿಯುತ್ತದೆ. ಒಂದು ಆಹಾರದಿಂದ ಇನ್ನೊಂದಕ್ಕೆ ಬದಲಿಸುವಾಗ ನಾಲ್ಕೈದು ದಿನ ಎರಡನ್ನೂ ಬೆರೆಸಿ, ಹಳೆಯದನ್ನು ಕ್ರಮೇಣ ಇಳಿಸುತ್ತ ಬರಬೇಕು.

ಲೇಯರ್ ಆಹಾರಕ್ಕೆ ಬದಲಿಸುವ ದಿನವನ್ನು ಪಂಚಾಂಗ ನೋಡಿ ನಿರ್ಧರಿಸುವಂತಿಲ್ಲ. ತಳಿ ಮತ್ತು ಪಾಲನೆಗನುಗುಣವಾಗಿ ಹೇಂಟೆಗಳು ಐದರಿಂದ ಆರು ತಿಂಗಳಿಗೆ ಮೊಟ್ಟೆ ಇಡಲು ತೊಡಗುತ್ತವೆ. ಜುಟ್ಟು ಕೆಂಪಾಗಿ ದೊಡ್ಡದಾಗುವುದು, ಬೆನ್ನ ಮೇಲೆ ಕೈಯಿಟ್ಟರೆ ಕುಳಿತುಕೊಳ್ಳುವುದು, ಮೂಲೆಗಳಲ್ಲಿ ಗೂಡು ಹುಡುಕುವುದು ಕಂಡುಬಂದಾಗ ಒಂದು ಬಟ್ಟಲು ಚಿಪ್ಪಿನ ಪುಡಿಯನ್ನು ಇಡಲು ಆರಂಭಿಸಿ. ಮೊದಲ ಮೊಟ್ಟೆ ಕಂಡ ಮೇಲೆ, ಅಂಗಳದಲ್ಲಿ ಬೇರೆ ಮರಿಗಳಿಲ್ಲದಿದ್ದರೆ, ಲೇಯರ್ ಆಹಾರದ ಚೀಲ ತನ್ನಿ. ಈ ಕುರಿತು ಸಂದೇಹವಿದ್ದಲ್ಲಿ ಹಾಕುತ್ತಿರುವ ಆಹಾರದ ಒಂದು ಹಿಡಿ ಮಾದರಿ ಹಾಗೂ ಚೀಲದ ಚೀಟಿಯೊಂದಿಗೆ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಮರಿ ಸತ್ತಿದ್ದರೆ ಅದನ್ನು ಹೂಳುವ ಮೊದಲೇ, ಅಂದೇ ತನ್ನಿ. ನಮ್ಮ ಬಿಸಿಲಿಗೆ ಮರುದಿನ ಕೊಯ್ದು ನೋಡಿದರೆ ಏನೂ ತಿಳಿಯುವುದಿಲ್ಲ.